ಕುದುರೆಗೆ ಬಿಟ್ಟ ಜಾಗ

ನಾನು ಕುವೈತಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಅಷ್ಟೂ ವರ್ಷ ಮಾಡಿದ್ದು ಒಂದೇ ಕೆಲಸ, ನಕ್ಷೆ ಬಿಡಿಸುವುದು. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಗೀಚಿ ಕೊಟ್ಟದ್ದನ್ನು ಕಂಪ್ಯೂಟರಿನಲ್ಲಿ ಅಳತೆಗೆ ಸರಿಯಾಗಿ ಬರೆದು ಕೊಡುತ್ತೇನೆ. ವೀಸಾದಲ್ಲಿ ನನ್ನ ಹುದ್ದೆ ‘ಡ್ರಾಫ್ಟ್ಸ್‌ಮನ್’ ಎಂದಿದೆ. ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ನವೀಕರಿಸಲು ಹೋದಾಗಲೆಲ್ಲ ಕೌಂಟರಿನವರು ಒಮ್ಮೆ ಆ ‘ಮನ್’ ಅನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿ, ಪಾಪ ಅನ್ನಿಸಿದವರ ಹಾಗೆ ಮುದ್ರೆ ಒತ್ತುತ್ತಾರೆ. ನನ್ನ ನಕ್ಷೆಗಳಲ್ಲಿ ಹೆಚ್ಚಿನವು ಸಬ್ಹಾನ್ ಕೈಗಾರಿಕಾ ಪ್ರದೇಶದ ಗೋದಾಮುಗಳವು. ಗೋದಾಮಿಗಿಂತ ಅದರ ಮುಂದಿನ ಪಾರ್ಕಿಂಗೇ ದೊಡ್ಡ ತಲೆನೋವು. ಖಾಲಿ ಜಾಗ ತೋರಿಸಿ ಇಲ್ಲಿ ಎಷ್ಟು ಗಾಡಿ ಹಿಡಿಸುತ್ತದೆ ಎಂದು ಕೇಳಿದರೆ ಕಣ್ಣಳತೆಯಲ್ಲೇ ಹೇಳುವಷ್ಟು ಪಳಗಿದ್ದೇನೆ.

ನಮ್ಮ ಬಾಸ್ ಸ್ಕಾಟ್ಲೆಂಡಿನವರು. ಆರಡಿ ಮೂರಂಗುಲ ಎತ್ತರ, ಮರುಭೂಮಿಯ ಬಿಸಿಲಿಗೆ ಸುಟ್ಟು ಶಾಶ್ವತವಾಗಿ ಕೆಂಪಾದ ಮೂಗು, ಇದು ನಡೆದಾಗ ಅರವತ್ತಾರು ವರ್ಷ. ಮೂವತ್ತು ವರ್ಷ ಕುವೈತಿನಲ್ಲೇ ಕಳೆದವರು. ಮದುವೆಯಾಗಿ, ಅದು ಬಹಳ ಹಿಂದೆಯೇ ಮುರಿದು, ಮಕ್ಕಳಿಲ್ಲದೆ, ಹವಲ್ಲಿಯ ಹಳೆಯ ಕಟ್ಟಡವೊಂದರ ಆರನೇ ಮಹಡಿಯಲ್ಲಿ ಒಬ್ಬರೇ ಇದ್ದರು. ಅವರ ದೇಶದವರೆಲ್ಲ ಸಮುದ್ರ ಕಾಣುವ ಫ್ಲ್ಯಾಟ್ ಹುಡುಕಿದರೆ ಇವರಿಗೆ ಕೆಳಗಿನ ಮೊಬೈಲ್ ಅಂಗಡಿಗಳ ಗದ್ದಲವೇ ಬೇಕು. ಅರಬ್ಬಿಯಲ್ಲಿ ಅವರಿಗೆ ಚೆನ್ನಾಗಿ ಬರುತ್ತಿದ್ದ ಪದಗಳು ಎರಡೇ, ‘ಯಲ್ಲಾ’ ಮತ್ತು ‘ಖಲಾಸ್’. ಇವೆರಡರಲ್ಲೇ ಮೂವತ್ತು ವರ್ಷದ ಕಟ್ಟಡಗಳನ್ನು ಎಬ್ಬಿಸಿದ್ದರು. ಮೊದಲನೆಯದು ಹೇಳಿದರೆ ಕೆಲಸ ಶುರು, ಎರಡನೆಯದು ಹೇಳಿದರೆ ಮುಗಿಯಿತು.

ಒಂದು ಚಳಿಗಾಲದಲ್ಲಿ ಅವರಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಎರಡು ಸ್ಟೆಂಟ್ ಹಾಕಿ ಕಳಿಸಿದರು. ಎರಡು ವಾರ ಬಿಟ್ಟು ಆಫೀಸಿಗೆ ಬಂದವರು ಮೊದಲಿನಂತೆಯೇ ಇದ್ದರು, ಸಮೋಸಾ ತಿನ್ನುವುದನ್ನು ಮಾತ್ರ ಬಿಟ್ಟಿದ್ದರು. ಆ ಗುರುವಾರ ಕೆಲಸ ಮುಗಿಯುವ ಹೊತ್ತಿಗೆ ನನ್ನನ್ನು ಕ್ಯಾಬಿನ್ನಿಗೆ ಕರೆದು ಒಂದು ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಪೆನ್ಸಿಲಿನಲ್ಲಿ ಬರೆದ ಒಂದು ದೊಡ್ಡ ಚೌಕ, ಅದರೊಳಗೆ ಸಾಲಾಗಿ ಸಣ್ಣ ಸಣ್ಣ ಉದ್ದ ಚೌಕಗಳು.

“ಇದೇನು ಹೇಳಿ ನೋಡೋಣ, ಮೇಡಂ.”

ನಾನು ಕಣ್ಣಾಡಿಸಿದೆ. “ಪಾರ್ಕಿಂಗ್. ಮೂವತ್ತೊಂದು ಗಾಡಿ, ಒಂದು ಲಾರಿ. ಆದರೆ ಇದು ಪಾಸಾಗುವುದಿಲ್ಲ ಸರ್. ಗಾಡಿ ತಿರುಗಿಸಲು ಜಾಗವೇ ಬಿಟ್ಟಿಲ್ಲ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ.”

ಅವರು ಎದೆ ಹಿಡಿದುಕೊಂಡು ನಗತೊಡಗಿದರು. ಕೈ ಎದೆಯ ಮೇಲೆ ಹೋದದ್ದನ್ನು ನೋಡಿ ನಾನು ಗಾಬರಿಯಿಂದ ನೀರಿನ ಬಾಟಲಿ ಎತ್ತಿಕೊಂಡೆ. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಹೇಳಿದರು, “ನೀವು ಹೇಳಿದ್ದು ಸರಿ. ನಾಲ್ಕುನೂರು ವರ್ಷದಲ್ಲಿ ಒಬ್ಬರೂ ಹೊರಗೆ ಬಂದಿಲ್ಲ. ಇದು ನಮ್ಮ ಕುಟುಂಬದ ಸ್ಮಶಾನ.”

ಅಲ್ಲಿಯವರೆಗೆ ನಮ್ಮ ಬಾಸ್ ಜಮೀನ್ದಾರರ ಮನೆಯವರು ಎಂಬುದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಅಂಗಿಯ ಕಾಲರ್ ನೋಡಿದರೆ ಯಾರೂ ಹಾಗೆ ಎಣಿಸುವ ಹಾಗೂ ಇರಲಿಲ್ಲ. ಒಂದು ಕಾಲಕ್ಕೆ ಅವರ ಮನೆತನಕ್ಕೆ ಎರಡು ಗುಡ್ಡ, ಒಂದು ಸರೋವರ, ಒಂದು ನದಿಯ ಅರ್ಧ ಭಾಗ, ಮೂವತ್ತು ಕೋಣೆಗಳ ಮನೆ ಎಲ್ಲ ಇತ್ತಂತೆ. ಒಂದೊಂದು ತಲೆಮಾರು ಒಂದೊಂದನ್ನು ಮಾರಿತು. ಕೊನೆಗೆ ಉಳಿದ ಮನೆಯನ್ನು ಅವರ ದೊಡ್ಡಪ್ಪನ ಮಗ ಒಂದು ಹೋಟೆಲಿಗೆ ಮಾರಿದರು. ಈಗ ಅಲ್ಲಿ ಮದುವೆಗಳು ನಡೆಯುತ್ತವೆ. ಮಾರುವಾಗ ಕಾಗದದಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದರು. ಅದು ಮನೆಯ ಹಿಂದಿನ ದಿಬ್ಬದ ಮೇಲೆ ಕಲ್ಲುಗೋಡೆ ಸುತ್ತಿದ ಅರವತ್ತಡಿಗೆ ನಲವತ್ತಡಿಯ ಸ್ಮಶಾನ. ಜೊತೆಗೆ ಅಲ್ಲಿಗೆ ನಡೆದುಹೋಗುವ ಕಾಲುದಾರಿಯ ಹಕ್ಕು. ಅವರು ಹೇಳಿದ ಪ್ರಕಾರ ಮದುಮಗಳು ಬಿಳಿ ಬಟ್ಟೆಯಲ್ಲಿ ಹುಲ್ಲಿನ ಮೇಲೆ ಫೋಟೊ ತೆಗೆಸಿಕೊಳ್ಳುವಾಗ ಹಿಂದೆ ಇವರ ಅಜ್ಜಂದಿರ ಕಲ್ಲುಗಳು ಕಾಣುತ್ತವೆ.

ಈಗಿನ ತಕರಾರು ಬಹಳ ಸರಳವಾಗಿತ್ತು. ಉಳಿದಿದ್ದ ಜಾಗ ಮೂರು. ಹಕ್ಕಿದ್ದವರು ನಾಲ್ಕು ಜನ. ನಮ್ಮ ಬಾಸ್, ಅವರ ಅಕ್ಕ, ಮನೆ ಮಾರಿದ ಆ ಅಣ್ಣ, ಮತ್ತು ಆ ಅಣ್ಣನ ಹೆಂಡತಿ. ಅಕ್ಕನಿಗೆ ಎಪ್ಪತ್ತೆಂಟು ವರ್ಷ. ಆ ಊರಿನಲ್ಲೇ ಸಣ್ಣ ಮನೆಯಲ್ಲಿದ್ದಾರೆ, ಸ್ಮಶಾನದ ಗೇಟಿನ ಕೀಲಿ ಅವರ ಬಳಿ. ಮನೆ ಮಾರಿದವನಿಗೆ ಮಣ್ಣಿನಲ್ಲಿ ಪಾಲಿಲ್ಲ ಎಂಬುದು ಅವರ ವಾದ. ಮನೆತನದ ಹಿರಿಯ ಕವಲು ನನ್ನದು, ಮೊದಲ ಎರಡು ಜಾಗ ನನಗೂ ನನ್ನವಳಿಗೂ ಎಂಬುದು ಅಣ್ಣನ ವಾದ. ಹನ್ನೊಂದು ವರ್ಷದಿಂದ ಅವರಿಬ್ಬರಿಗೆ ಮಾತಿಲ್ಲ. ಅತ್ತ ಒಂದು ಮೇಲ್, ಇತ್ತ ಒಂದು ಮೇಲ್, ಎಲ್ಲವೂ ಕುವೈತಿನ ಮೂಲಕವೇ.

“ಕುಟುಂಬಕ್ಕೆ ಸೇರದ, ಯಾರ ಪಕ್ಷವನ್ನೂ ವಹಿಸದ ಒಬ್ಬರು ಸರಿಯಾದ ನಕ್ಷೆ ಮಾಡಿದರೆ ಇಬ್ಬರೂ ಒಪ್ಪುತ್ತಾರಂತೆ,” ಎಂದರು ಬಾಸ್. “ನೀವು ಮಾಡುತ್ತೀರಾ? ಇದು ಆಫೀಸಿನ ಕೆಲಸವಲ್ಲ. ಬೇಡ ಅನ್ನಿಸಿದರೆ ಬೇಡ ಅನ್ನಿ.”

ಬೇಡ ಅನ್ನಬೇಕು ಅಂತಲೇ ಬಾಯಿ ತೆರೆದೆ. ಆದರೆ ಆ ಮನುಷ್ಯ ಇಷ್ಟು ವರ್ಷದಲ್ಲಿ ನನ್ನ ಬಳಿಯಾಗಲಿ ಬೇರೆ ಯಾರ ಬಳಿಯಾಗಲಿ ತನಗಾಗಿ ಒಂದು ಲೋಟ ನೀರೂ ಕೇಳಿದ್ದನ್ನು ನಾನು ಕೇಳಿರಲಿಲ್ಲ. “ಯಲ್ಲಾ ಸರ್,” ಅಂದೆ.

ಖೈತಾನಿನ ನಮ್ಮ ಫ್ಲ್ಯಾಟಿಗೆ ಬಂದು ವಿಷಯ ಹೇಳಿದಾಗ ನನ್ನ ಗಂಡ ತಿನ್ನುತ್ತಿದ್ದ ಚಪಾತಿ ಕೆಳಗಿಟ್ಟರು. ಅವರು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು, ದಿನವಿಡೀ ರಕ್ತ ನೋಡುವವರು. ಆದರೆ ಹೆಣದ ಮಾತು ಬಂದರೆ ಮಗುವಿಗಿಂತ ಕಡೆ.

“ಎಂತದು ಮಾರಾಯ್ತಿ, ಬದುಕಿರುವ ಮನುಷ್ಯನ ಗುಂಡಿ ನೀನು ಡ್ರಾಯಿಂಗ್ ಮಾಡುದಾ?”

“ಗುಂಡಿ ಅಲ್ಲ. ಲೇಔಟ್.”

ಹನ್ನೆರಡರ ಮಗಳು ಫೋನಿನಿಂದ ತಲೆ ಎತ್ತದೆ ಅಂದಳು, “ಮಮ್ಮಾ, ದಟ್ಸ್ ಸೋ ಕ್ರೀಪಿ.”

ಖುಷಿಪಟ್ಟವರು ನನ್ನ ಅತ್ತೆ ಒಬ್ಬರೇ. ನಮ್ಮಲ್ಲಿ ಅತ್ತೆಯನ್ನು ‘ಮಾಂಯ್’ ಎಂದು ಕರೆಯುತ್ತೇವೆ. ಅವರು ಎರಡು ತಿಂಗಳ ವಿಸಿಟ್ ವೀಸಾದಲ್ಲಿ ನಮ್ಮಲ್ಲಿಗೆ ಬಂದಿದ್ದರು. ಮನೆಯಲ್ಲಿ ನಮ್ಮದು ಕೊಂಕಣಿ. ಆದರೆ ಮಾಂಯ್ ಊರಿನ ಇಗರ್ಜಿಯ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದ ಟೀಚರ್. ಮೊಮ್ಮಗಳಿಗೆ ಒಂದು ವಾಕ್ಯ ಕನ್ನಡ ನೆಟ್ಟಗೆ ಬರುವುದಿಲ್ಲ ಎಂದು ಗೊತ್ತಾದ ದಿನವೇ ಊಟದ ಮೇಜಿನಲ್ಲಿ ಕನ್ನಡ ಕಡ್ಡಾಯ ಮಾಡಿದ್ದರು. ಮೊಮ್ಮಗಳು ಎಲ್ಲವನ್ನೂ ಕೇಳಿ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಇಬ್ಬರೂ ಸೋಲುತ್ತಿರಲಿಲ್ಲ.

“ಸ್ಮಶಾನದ ನಕ್ಷೆಯಾ? ತೋರಿಸು ಕಾಣ್ವ,” ಅಂದರು ಮಾಂಯ್, ಕನ್ನಡಕ ಹುಡುಕುತ್ತ. ಊರಿನಲ್ಲಿ ಅವರಿಗೆ ಇಗರ್ಜಿಯ ಸ್ಮಶಾನ ಬಾಯಿಪಾಠ. ಯಾರು ಎಲ್ಲಿ, ಯಾರ ಮೇಲೆ ಯಾರು, ಯಾರ ಶಿಲುಬೆ ಯಾವ ಮಳೆಗಾಲದಲ್ಲಿ ವಾಲಿತು, ನವೆಂಬರಿನಲ್ಲಿ ಸತ್ತವರನ್ನು ನೆನೆಯುವ ದಿನ ಯಾರ ಮಕ್ಕಳು ಹೂವಿಡಲು ಬರಲಿಲ್ಲ, ಎಲ್ಲ ಗೊತ್ತು. ಇಲ್ಲಿಗೆ ಬಂದು ಮೂರು ವಾರವಾದರೂ ಮಾತಾಡಲು ಅವರಿಗೆ ಇಷ್ಟು ಒಳ್ಳೆಯ ವಿಷಯ ಸಿಕ್ಕಿರಲಿಲ್ಲ.

ರಜೆಯ ದಿನವಾದ ಶುಕ್ರವಾರ ಇಗರ್ಜಿಯ ಬೆಳಗಿನ ಪೂಜೆ ಮುಗಿಸಿ ಬಂದು, ಅನ್ನಕ್ಕೆ ಕುಕ್ಕರ್ ಇಟ್ಟು, ಲ್ಯಾಪ್‌ಟಾಪ್ ತೆರೆದೆ. ಅಳತೆ ತೆಗೆದು ಕಳಿಸಿದವರು ಬಾಸ್ ಅವರ ಅಕ್ಕ. ಬಟ್ಟೆ ಒಣಗಿಸುವ ಹಗ್ಗಕ್ಕೆ ಗಜಕ್ಕೊಂದರಂತೆ ಗಂಟು ಹಾಕಿ, ಮಳೆಯಲ್ಲಿ ಒಬ್ಬರೇ ನಿಂತು ಅಳೆದಿದ್ದರು. ಮೊದಲ ಸಾಲಿನ ಒಂದೊಂದೇ ಸಮಾಧಿಯ ಅಗಲ ಕೂಡಿಸುತ್ತ ಹೋದೆ. ಕೂಡಿದಾಗ ಅರವತ್ತನಾಲ್ಕು ಅಡಿ ಬಂತು. ಗೋಡೆ ಅರವತ್ತೇ ಅಡಿ. ಅಂದರೆ ನಾಲ್ಕಡಿಯಷ್ಟು ಅಜ್ಜಂದಿರು ಗೋಡೆಯ ಆಚೆ ಹೋಟೆಲಿನ ಹುಲ್ಲಿನ ಮೇಲೆ ಮಲಗಿದ್ದರು.

ಬಾಸ್‌ಗೆ ಬರೆದೆ. ಅವರು ಅಕ್ಕನಿಗೆ ಬರೆದರು. ಅಕ್ಕ ಉತ್ತರಿಸಿದರು, “ಗೋಡೆ ಬಾಗಿದೆ.” ನಾನು ಮತ್ತೆ ಬರೆದೆ, ಗೋಡೆ ಬಾಗಿದರೆ ನಾಲ್ಕಡಿ ಬಾಗುವುದಿಲ್ಲ, ಹಗ್ಗ ಒದ್ದೆಯಾಗಿ ಕುಗ್ಗಿರಬಹುದು ಎಂದು. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಬಂದದ್ದು ಒಂದೇ ಸಾಲು. “ಆ ಹೆಂಗಸು ಹೇಳಿದ್ದು ಸರಿ. ನನಗೆ ಅವಳೊಡನೆ ಮಾತಾಡಬೇಕು.”

ಹಾಗೆ ಮುಂದಿನ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಊಟದ ಮೇಜಿನ ಮೇಲೆ ವಿಡಿಯೊ ಕಾಲ್ ಶುರುವಾಯಿತು. ಹೊರಗೆ ಧೂಳು ಎದ್ದು ಇಡೀ ಖೈತಾನ್ ಚಹಾದ ಬಣ್ಣಕ್ಕೆ ತಿರುಗಿತ್ತು. ಪರದೆಯಲ್ಲಿ ಮಾತ್ರ ಹಸಿರು, ಎಷ್ಟು ಹಸಿರೆಂದರೆ ಕಣ್ಣು ಚುಚ್ಚುವಷ್ಟು. ಹವಲ್ಲಿಯಿಂದ ಬಾಸ್, ಸ್ಮಶಾನದಿಂದಲೇ ಅಕ್ಕ, ಮತ್ತು ಎಡಿನ್‌ಬರೋದ ತನ್ನ ಮನೆಯಿಂದ ಕಾಲರಿಗೆ ಟೈ ಬಿಗಿದುಕೊಂಡ ಅಣ್ಣ. ಅಣ್ಣನೂ ಅಕ್ಕನೂ ಒಂದೇ ಪರದೆಯಲ್ಲಿದ್ದರೂ ಒಬ್ಬರನ್ನೊಬ್ಬರು ನೋಡುತ್ತಿಲ್ಲ ಎಂಬುದು ಹೇಗೋ ಗೊತ್ತಾಗುತ್ತಿತ್ತು.

ಅಕ್ಕನ ಇಂಗ್ಲಿಷು ಮೊದಲ ಹತ್ತು ನಿಮಿಷ ನನಗೆ ಇಂಗ್ಲಿಷು ಅನ್ನಿಸಲೇ ಇಲ್ಲ. ನಾಲಗೆಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ಮಾತಾಡಿದ ಹಾಗೆ. ಬಾಸ್ ನಡುನಡುವೆ ಇಂಗ್ಲಿಷಿನಿಂದ ಇಂಗ್ಲಿಷಿಗೆ ಅನುವಾದ ಮಾಡುತ್ತಿದ್ದರು. ಅಕ್ಕ ಫೋನನ್ನು ಒಂದೊಂದು ಕಲ್ಲಿಗೂ ಹಿಡಿದು ಯಾರೆಂದು ಹೇಳುತ್ತಿದ್ದರು. ಇವರು ಸರೋವರ ಮಾರಿದವರು. ಇವರು ಮೂರು ಮದುವೆಯಾದವರು, ಮೂವರೂ ಪಕ್ಕದಲ್ಲೇ ಇದ್ದಾರೆ. ಇವರು ಕೋಳಿಯ ಮೂಳೆ ಗಂಟಲಿಗೆ ಸಿಕ್ಕಿ ಹೋದವರು. ಆಮೇಲೆ ಮೂರು ಪುಟ್ಟ ಕಲ್ಲುಗಳು ಬಂದವು, ಅವು ನಾಯಿಗಳವು. ನನ್ನ ಹೆಗಲ ಹಿಂದೆ ನಿಂತಿದ್ದ ಮಾಂಯ್ ಎಲ್ಲವನ್ನೂ ತನ್ಮಯರಾಗಿ ನೋಡುತ್ತಿದ್ದರು.

“ಪಾಚಿ ನೋಡು,” ಎಂದು ಪಿಸುಗುಟ್ಟಿದರು. “ತೆಂಗಿನ ನಾರಿನಲ್ಲಿ ತಿಕ್ಕಿದ್ರೆ ಹೋಗ್ತದೆ ಅಂತ ಹೇಳು.”

ಹೇಳಿದೆ. ಅಕ್ಕನ ಮುಖ ಪರದೆಯ ತೀರ ಹತ್ತಿರ ಬಂತು. “ಯಾರದು ಹಿಂದೆ?”

“ನನ್ನ ಅತ್ತೆ.”

“ಅವರನ್ನು ಮುಂದೆ ಕೂರಿಸಿ.”

ಮಾಂಯ್ ಸೀರೆಯ ಸೆರಗು ಸರಿಮಾಡಿಕೊಂಡು ಮುಂದೆ ಕೂತರು. ಆಮೇಲಿನ ಇಪ್ಪತ್ತು ನಿಮಿಷ ನಕ್ಷೆಯ ಮಾತೇ ಬರಲಿಲ್ಲ. ಇಬ್ಬರು ಮುದುಕಿಯರು ನನ್ನ ತುಂಡು ಅನುವಾದದಲ್ಲಿ ಪಾಚಿಯ ಬಗ್ಗೆ, ವಾಲಿದ ಕಲ್ಲುಗಳ ಬಗ್ಗೆ, ಯಾವ ಹೂ ಹೆಚ್ಚು ದಿನ ಬಾಡದೆ ಉಳಿಯುತ್ತದೆ ಎನ್ನುವ ಬಗ್ಗೆ ಮಾತಾಡಿದರು. ಅಣ್ಣ ಎರಡು ಸಲ ಗಂಟಲು ಸರಿಮಾಡಿಕೊಂಡರು. ಯಾರೂ ಅವರ ಕಡೆ ನೋಡಲಿಲ್ಲ.

ಕೊನೆಗೆ ಅಕ್ಕ ಮೂಲೆಯ ದೊಡ್ಡ ಕಲ್ಲಿನ ಬಳಿ ನಿಂತರು. ಪೆನ್ಸಿಲ್ ನಕ್ಷೆಯಲ್ಲಿ ನಾನು ಲಾರಿ ಎಂದುಕೊಂಡಿದ್ದು ಇದೇ, ಹತ್ತಡಿಗೆ ಎಂಟಡಿಯ ಜಾಗ.

“ಇದು ಕುದುರೆ,” ಎಂದರು ಅಕ್ಕ, ದನಿ ಸ್ವಲ್ಪ ತಗ್ಗಿಸಿ.

ಬಾಸ್ ಕಥೆ ಹೇಳಿದರು. ಅವರ ಮುತ್ತಜ್ಜ ನೆರೆ ಬಂದ ನದಿಗೆ ಬಿದ್ದಾಗ ಈಜಿ ದಡ ಸೇರಿಸಿದ ಕುದುರೆಯಂತೆ. ಅದು ಸತ್ತಾಗ ಮುತ್ತಜ್ಜ ತನ್ನ ಮನೆಯವರ ನಡುವೆಯೇ ಅದನ್ನು ಹೂಳಿಸಿದರು. ಅದರ ಕಲ್ಲು ಮುತ್ತಜ್ಜಿಯ ಕಲ್ಲಿಗಿಂತ ಒಂದಡಿ ಎತ್ತರ. ಬಾಸ್ ಚಿಕ್ಕವರಿದ್ದಾಗ ಪ್ರತಿ ಭಾನುವಾರ ಅದರ ಮುಂದೆ ನಿಂತು ಸಲ್ಯೂಟ್ ಹೊಡೆಯಬೇಕಿತ್ತು. ಆ ಜಾಗವನ್ನು ಮುಟ್ಟುವ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ಆ ಒಂದು ವಿಷಯದಲ್ಲಿ ಅಕ್ಕನಿಗೂ ಅಣ್ಣನಿಗೂ ಭಿನ್ನಾಭಿಪ್ರಾಯವೇ ಇರಲಿಲ್ಲ.

ನಾನು ಮಾಂಯ್‌ಗೆ ಹೇಳಿದೆ. ಅವರು ಕಣ್ಣು ಕಿರಿದು ಮಾಡಿ ಪರದೆಯನ್ನೇ ನೋಡಿದರು.

“ಕುದುರೆಯನ್ನು ಇಡೀ ಹೂತದ್ದಾ?”

“ಹೌದಂತೆ ಮಾಂಯ್.”

“ಯಾರು ತೋಡಿದ್ದು ಅಷ್ಟು ದೊಡ್ಡ ಗುಂಡಿ? ನಮ್ಮ ಎಮ್ಮೆ ಸತ್ತಾಗ ಆರು ಜನ ಬೇಕಾಯ್ತು, ಗೊತ್ತುಂಟಾ? ಅದೂ ಮಳೆಗಾಲದ ಮೆತ್ತಗಿನ ಮಣ್ಣು. ಇಲ್ಲಿ ಕಾಣುದಿಲ್ವಾ, ಬರೀ ಬಂಡೆ. ದಿಬ್ಬದ ಮೇಲೆ ಬೇರೆ. ಅಷ್ಟು ಭಾರದ ಕುದುರೆಯನ್ನು ಹತ್ತಿಸಿದ್ದು ಹೇಗೆ? ಕೇಳು ಅವರಿಗೆ.”

“ಬೇಡ ಮಾಂಯ್, ಬೇಜಾರು ಮಾಡ್ಕೊಳ್ತಾರೆ.”

“ಕೇಳುದರಲ್ಲಿ ಎಂತ ಬೇಜಾರು? ಕೇಳು.”

ಹೇಗೆ ಕೇಳಿದರೆ ಕಡಿಮೆ ಅವಮಾನ ಎಂದು ಯೋಚಿಸುತ್ತ, ಎಂಜಿನಿಯರಿಂಗ್ ಪ್ರಶ್ನೆಯ ಹಾಗೆ ಕೇಳಿದೆ. “ಸರ್, ತಳದಲ್ಲಿ ಬಂಡೆ ಇದ್ದರೆ ಅಷ್ಟು ಆಳ ಅಗೆದದ್ದು ಹೇಗೆ ಅಂತ ನನ್ನ ಅತ್ತೆ ಕೇಳುತ್ತಿದ್ದಾರೆ.”

ಅಕ್ಕನ ಫೋನು ಕಲ್ಲಿನ ಬುಡಕ್ಕೆ ಬಾಗಿತು. ಅಣ್ಣ ಟೈಯ ಗಂಟು ಸಡಿಲಿಸಿಕೊಂಡರು. ನನಗೆ ಕೆಲಸ ಹೋಯಿತು ಅನ್ನಿಸಿತು. ಕೊನೆಗೆ ಅಕ್ಕ ನಿಧಾನವಾಗಿ ಅಂದರು, “ಅದನ್ನು ನಾವು ಯಾರೂ ಯಾವತ್ತೂ ಕೇಳಿಲ್ಲ.” ಅಷ್ಟರಲ್ಲಿ ಅಲ್ಲಿ ಮಳೆ ಶುರುವಾಗಿ ಕಾಲ್ ಕಡಿದುಹೋಯಿತು.

ಆ ವಾರವಿಡೀ ಆಫೀಸಿನಲ್ಲಿ ನಾನು ಬಾಸ್ ಕಣ್ಣಿಗೆ ಬೀಳದ ಹಾಗೆ ಓಡಾಡಿದೆ. ಅವರ ಬಾಲ್ಯದ ದೇವರನ್ನು ಮುಟ್ಟಿಬಿಟ್ಟಿದ್ದೆವಲ್ಲ. ಬುಧವಾರ ಅವರೇ ನನ್ನ ಮೇಜಿನ ಬಳಿ ಬಂದು ನಿಂತರು. ಕೈಯಲ್ಲಿ ಒಂದು ಪ್ರಿಂಟ್. ಮುಖದಲ್ಲಿ ಅಳುವೋ ನಗುವೋ ತಿಳಿಯದ ಒಂದು ಭಾವ.

“ಅಕ್ಕ ಅಟ್ಟದ ಪೆಟ್ಟಿಗೆ ತೆಗೆದಿದ್ದಾಳೆ,” ಎಂದರು. “ನಮ್ಮ ಮುತ್ತಜ್ಜಿ ತನ್ನ ತಂಗಿಗೆ ಬರೆದ ಕಾಗದ ಸಿಕ್ಕಿದೆ. ಕೇಳಿ.”

ನಿಂತಲ್ಲೇ ಓದಿದರು. ಮುತ್ತಜ್ಜಿ ಬರೆದದ್ದರ ಸಾರ ಇಷ್ಟು. ಗಂಡನಿಗೆ ಕುದುರೆಯ ದುಃಖ ತಲೆಗೇರಿದೆ. ಊರಿನ ಗಂಡಸರೆಲ್ಲ ಎರಡು ದಿನ ಅಗೆದರೂ ಮೊಣಕಾಲಿನಷ್ಟು ಗುಂಡಿಯೂ ಆಗಲಿಲ್ಲ. ಆದ್ದರಿಂದ ತಲೆ, ಹೃದಯ ಮತ್ತು ನಾಲ್ಕು ಗೊರಸುಗಳನ್ನು ಮಾತ್ರ ಒಂದು ಪೆಟ್ಟಿಗೆಯಲ್ಲಿಟ್ಟು ಹೂಳಿದ್ದಾಯಿತು. ಉಳಿದದ್ದು ಬೇಟೆನಾಯಿಗಳಿಗೆ ಒಂದು ವಾರಕ್ಕೆ ಆಯಿತು. ಆದರೆ ಜಾಗ ಮಾತ್ರ ಇಡೀ ಕುದುರೆಯದ್ದನ್ನೇ ಗುರುತು ಹಾಕಿಸಿದ್ದಾರೆ, ನಾನು ಸತ್ತರೆ ಇಷ್ಟು ಜಾಗ ಬಿಡುತ್ತಾರೋ ಇಲ್ಲವೋ.

ಓದಿ ಮುಗಿಸಿ ಬಾಸ್ ಕುರ್ಚಿ ಎಳೆದು ಕೂತರು. “ನಾನು ಹದಿನೈದು ವರ್ಷ,” ಎಂದರು, “ಹದಿನೈದು ವರ್ಷ ಒಂದು ಪೆಟ್ಟಿಗೆಗೆ ಸಲ್ಯೂಟ್ ಹೊಡೆದೆ.”

ನಗಬಾರದು ಎಂದು ತುಟಿ ಕಚ್ಚಿದೆ. ಆದರೆ ಅವರೇ ಮೊದಲು ನಕ್ಕರು. ಆಮೇಲೆ ನನಗೂ ತಡೆದುಕೊಳ್ಳಲಾಗಲಿಲ್ಲ. ಪಕ್ಕದ ಮೇಜಿನವರು ಯಾವ ಪ್ರಾಜೆಕ್ಟ್ ಪಾಸಾಯಿತು ಎಂದು ಎದ್ದು ನೋಡಿದರು.

ಅಣ್ಣ ಮಾತ್ರ ನಂಬಲಿಲ್ಲ. ಮುತ್ತಜ್ಜಿಗೆ ಕುದುರೆಯ ಮೇಲೆ ಹೊಟ್ಟೆಕಿಚ್ಚು, ಹೆಂಗಸರು ಕಾಗದದಲ್ಲಿ ಏನು ಬೇಕಾದರೂ ಬರೆಯುತ್ತಾರೆ, ಕಣ್ಣಾರೆ ನೋಡದೆ ಒಪ್ಪುವುದಿಲ್ಲ ಎಂದು ಹಟ ಹಿಡಿದರು. ಹಾಗಾದರೆ ಬಂದು ನೋಡು ಎಂದು ಅಕ್ಕ ಮೇಲ್ ಮಾಡಿದರು. ಹನ್ನೊಂದು ವರ್ಷದಲ್ಲಿ ಅವರು ನೇರವಾಗಿ ಅಣ್ಣನಿಗೆ ಬರೆದ ಮೊದಲ ಮೇಲ್ ಅದು ಎಂದು ಬಾಸ್ ಆಮೇಲೆ ಹೇಳಿದರು. ಅಣ್ಣ ನಿಜವಾಗಿಯೂ ಬಂದುಬಿಟ್ಟರು. ಎಡಿನ್‌ಬರೋದಿಂದ ಮೂರು ಗಂಟೆ ಕಾರು ಓಡಿಸಿಕೊಂಡು, ಹೆಂಡತಿಯನ್ನೂ ಕೂರಿಸಿಕೊಂಡು, ಡಿಕ್ಕಿಯಲ್ಲಿ ಐದಡಿಯ ಒಂದು ಕಬ್ಬಿಣದ ಸಲಾಕೆ ಇಟ್ಟುಕೊಂಡು.

ಮತ್ತೆ ಶುಕ್ರವಾರ, ಮತ್ತೆ ನಮ್ಮ ಊಟದ ಮೇಜು. ಈ ಸಲ ನನ್ನ ಗಂಡನೂ ಬಾಗಿಲ ಬಳಿ ನಿಂತು ಇಣುಕುತ್ತಿದ್ದರು, ಏನಾದರೂ ಮೂಳೆ ಕಂಡರೆ ಒಳಗೆ ಓಡಲು ಅನುಕೂಲವಾಗುವ ಹಾಗೆ. ಮಗಳು ಸೋಫಾದ ಮೇಲಿನಿಂದ ಕುತ್ತಿಗೆ ಚಾಚಿದ್ದಳು. ಪರದೆಯಲ್ಲಿ ಹಳದಿ ರೇನ್‌ಕೋಟಿನ ಅಕ್ಕ ಮತ್ತು ಟೋಪಿ ಹಾಕಿದ ಅಣ್ಣ. ಫೋನ್ ಹಿಡಿದಿದ್ದವರು ಅಣ್ಣನ ಹೆಂಡತಿ. ಅವರ ಮುಖ ನನಗೆ ಕೊನೆಯವರೆಗೂ ಕಾಣಲಿಲ್ಲ, ಆಗಾಗ ಒಂದು ನಿಟ್ಟುಸಿರು ಮಾತ್ರ ಕೇಳಿಸುತ್ತಿತ್ತು.

ನಾನು ಇಲ್ಲಿಂದ ಹೇಳುತ್ತ ಹೋದೆ. ಕಲ್ಲಿನಿಂದ ಒಂದಡಿ ಬಿಟ್ಟು ಚುಚ್ಚಿ. ಈಗ ಬಲಕ್ಕೆ ಎರಡಡಿ. ಅಣ್ಣ ಸಲಾಕೆ ಹಿಡಿದು ಚುಚ್ಚುವುದು, ಅಕ್ಕ ಆಳ ಓದಿ ಹೇಳುವುದು. ಕಲ್ಲಿನ ಬುಡದಲ್ಲಿ ಮೊಣಕಾಲಿನ ಆಳಕ್ಕೇ ‘ಟಕ್’ ಎಂದಿತು. ಪಕ್ಕದಲ್ಲೂ ‘ಟಕ್’. ಬಲಕ್ಕೆ ಮೂರಡಿ ದಾಟಿದ ಮೇಲೆ ಸಲಾಕೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಅಲ್ಲಿ ಬಂಡೆಯೂ ಇರಲಿಲ್ಲ, ಕುದುರೆಯೂ ಇರಲಿಲ್ಲ.

“ಮುತ್ತಜ್ಜ ಇಷ್ಟು ಒಳ್ಳೆಯ ಮಣ್ಣು ಬಿಟ್ಟು ಬಂಡೆಯ ಮೇಲೆಯೇ ಅಗೆಸಿದ್ದಾನೆ,” ಎಂದರು ಅಕ್ಕ.

“ನಮ್ಮ ಮನೆತನ,” ಎಂದರು ಅಣ್ಣ.

ಅಷ್ಟೇ. ಅವರಿಬ್ಬರ ನಡುವೆ ಹನ್ನೊಂದು ವರ್ಷದ ಮೇಲೆ ನಡೆದ ಮಾತು ಅಷ್ಟೇ. ಆಮೇಲೆ ಅಣ್ಣ ಸಲಾಕೆ ಕೀಳಲಾರದೆ ಒದ್ದಾಡುವಾಗ ಅಕ್ಕ ಬಂದು ಕೈ ಹಾಕಿದರು. ಇಬ್ಬರೂ ಒಟ್ಟಿಗೆ ಎಳೆದರು. ಸಲಾಕೆ ಬಂದ ರಭಸಕ್ಕೆ ಅಣ್ಣ ಹಿಂದಕ್ಕೆ ಕೂತೇಬಿಟ್ಟರು, ಸರೋವರ ಮಾರಿದ ಅಜ್ಜನ ಕಲ್ಲಿನ ಮೇಲೆ. ಫೋನ್ ಹಿಡಿದ ಕೈ ಗಡಗಡ ನಡುಗಿತು. ಆ ಹೆಂಗಸು ನಗುತ್ತಿದ್ದಾರೆ ಎಂದು ನಮಗೆ ಗೊತ್ತಾದದ್ದು ಹಾಗೆ. ಹವಲ್ಲಿಯ ಚೌಕದಲ್ಲಿ ಬಾಸ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಬಹಳ ಹೊತ್ತು ಒರೆಸಿದರು.

ಅದೇ ದಿನ ನಕ್ಷೆ ತಿದ್ದಿದೆ. ಹತ್ತಡಿಯಲ್ಲಿ ಮೂರಡಿ ಕುದುರೆಗೆ ಬಿಟ್ಟರೂ ಏಳಡಿ ಉಳಿಯಿತು. ಇಬ್ಬರು ಆರಾಮವಾಗಿ ಮಲಗಬಹುದು. ಮೊದಲಿನ ಮೂರು ಸೇರಿ ಈಗ ಜಾಗ ಐದು, ಜನ ನಾಲ್ಕು. ಇದ್ದವರನ್ನು ಗಟ್ಟಿ ಗೆರೆಯಲ್ಲೂ ಮುಂದೆ ಬರುವವರನ್ನು ತುಂಡು ಗೆರೆಯಲ್ಲೂ ಬರೆಯುವುದು ನಮ್ಮ ಕೆಲಸದ ಪದ್ಧತಿ. ತುಂಡು ಗೆರೆಯ ಪಕ್ಕದಲ್ಲಿ ‘ಪ್ರಸ್ತಾವಿತ’ ಎಂದು ನಮೂದಿಸಬೇಕು. ಸಾವಿರ ಸಲ ಬರೆದಿದ್ದೇನೆ, ಪ್ರಸ್ತಾವಿತ ಗೋಡೆ, ಪ್ರಸ್ತಾವಿತ ಚರಂಡಿ. ಆ ದಿನ ಬಾಸ್ ಹೆಸರಿನ ಮೊದಲಕ್ಷರ ಬರೆದು ಅದರ ಪಕ್ಕದಲ್ಲಿ ಆ ಪದ ಹಾಕಬೇಕಾದಾಗ ಬೆರಳು ಓಡಲಿಲ್ಲ. ಮೂವತ್ತು ವರ್ಷ ಬೇರೆಯವರ ದೇಶದಲ್ಲಿ ಬೇರೆಯವರ ಕಟ್ಟಡ ಕಟ್ಟಿದ ಮನುಷ್ಯನಿಗೆ ತನ್ನದು ಅನ್ನುವ ಜಾಗ ಇಷ್ಟೇ, ಎಂಟಡಿಗೆ ಮೂರೂವರೆ ಅಡಿ. ನಮ್ಮಂಥವರಿಗೆ ಇಲ್ಲಿ ಅದೂ ಇಲ್ಲ. ಹೋದರೆ ವಿಮಾನದಲ್ಲಿ ಸಾಮಾನಿನ ಜೊತೆ ಊರಿಗೆ. ಎದ್ದು ಹೋಗಿ ಚಹಾ ಮಾಡಿಕೊಂಡು ಕುಡಿದು ಬಂದೆ. ‘ಪ್ರಸ್ತಾವಿತ’ದ ಬದಲು ‘ಕಾಯ್ದಿರಿಸಲಾಗಿದೆ’ ಎಂದು ಬರೆದೆ. ರೈಲಿನ ಸೀಟಿನ ಹಾಗೆ ಕೇಳಿಸುತ್ತದೆ, ಇರಲಿ ಅಂದುಕೊಂಡೆ.

ನಾಲ್ವರೂ ಒಪ್ಪಿದರು. ಐದನೆಯ ಜಾಗ ಏನು ಮಾಡುವುದೆಂಬ ಪ್ರಶ್ನೆ ಬಂದಾಗ ಅಕ್ಕ ಒಂದು ಸಲಹೆ ಕಳಿಸಿದರು. ನಿಮ್ಮ ಅತ್ತೆಯಿಂದಾಗಿ ಸಿಕ್ಕಿದ ಜಾಗ ಇದು, ಅವರಿಗೆ ಬೇಕಿದ್ದರೆ ಕುಟುಂಬದ ಯಾರ ಆಕ್ಷೇಪವೂ ಇಲ್ಲ ಎಂದು. ಬಾಸ್ ಅದನ್ನು ನಗದೆ, ಅಧಿಕೃತ ಪತ್ರ ಓದುವ ದನಿಯಲ್ಲೇ ನನಗೆ ಓದಿ ಹೇಳಿದರು.

ಮನೆಗೆ ಬಂದು ಹೇಳಿದಾಗ ಮಾಂಯ್ ಹುರುಳಿ ಆರಿಸುವುದನ್ನು ನಿಲ್ಲಿಸಿ ನಿಜವಾಗಿಯೂ ಯೋಚನೆ ಮಾಡಿದರು.

“ಒಳ್ಳೆ ಜನ,” ಎಂದರು. “ಆದ್ರೆ ಬೇಡ ಅಂತ ಹೇಳು. ಅಲ್ಲಿ ಚಳಿ ಉಂಟು. ಮತ್ತೆ ನನಗೆ ಅಲ್ಲಿ ಯಾರ ಪರಿಚಯ ಉಂಟು? ಊರಲ್ಲಾದ್ರೆ ಅಕ್ಕಪಕ್ಕ ಎಲ್ಲ ಗೊತ್ತಿದ್ದವರೇ.”

“ಗ್ರ್ಯಾನಿ, ಯು ವೋಂಟ್ ಬಿ ಟಾಕಿಂಗ್ ಟು ದೆಮ್!” ಎಂದಳು ಮಗಳು.

“ಅದು ನಿನಗೆ ಹೇಗೆ ಗೊತ್ತು?” ಎಂದರು ಮಾಂಯ್. “ಕನ್ನಡದಲ್ಲಿ ಹೇಳು.”

ಮಾಂಯ್ ವೀಸಾ ಮುಗಿದು ಊರಿಗೆ ಹೋದರು. ಅದಾದ ಮುಂದಿನ ವರ್ಷ ಬಾಸ್ ಕೂಡ ಕೆಲಸ ಬಿಟ್ಟರು. ಹವಲ್ಲಿಯ ಫ್ಲ್ಯಾಟ್ ಖಾಲಿ ಮಾಡುವಾಗ ನನ್ನ ಗಂಡ ಹೋಗಿ ಡಬ್ಬಗಳಿಗೆ ಟೇಪ್ ಸುತ್ತಿಕೊಟ್ಟರು. ಅಷ್ಟು ವರ್ಷದ ಸಂಸಾರ ಒಂಬತ್ತು ಡಬ್ಬದಲ್ಲಿ ಮುಗಿಯಿತಂತೆ. ವಿಮಾನ ನಿಲ್ದಾಣದಲ್ಲಿ ಬಾಸ್ ನಮ್ಮೆಲ್ಲರ ಕೈ ಕುಲುಕಿ “ಖಲಾಸ್” ಅಂದರು. ಆ ಪದವನ್ನು ಅವರು ಮೆಲ್ಲಗೆ ಹೇಳಿದ್ದನ್ನು ನಾನು ಕೇಳಿದ್ದು ಆವತ್ತೇ.

ಈಗ ಅವರು ಅಕ್ಕನ ಮನೆಯ ಹತ್ತಿರವೇ ಇದ್ದಾರೆ. ನಾಲ್ವರೂ ಗಟ್ಟಿಯಾಗಿದ್ದಾರೆ, ಜಾಗ ಗಟ್ಟಿಯಾದ ಮೇಲೆ ಯಾರಿಗೂ ಹೋಗುವ ಅವಸರ ಇದ್ದಂತಿಲ್ಲ. ಅಣ್ಣ ತಿಂಗಳಿಗೊಮ್ಮೆ ಬರುತ್ತಾರೆ. ಎಲ್ಲರೂ ಸೇರಿ ಹುಲ್ಲು ಕತ್ತರಿಸುತ್ತಾರೆ, ಹುಲ್ಲು ಕತ್ತರಿಸುವ ಯಂತ್ರ ಯಾರು ತಳ್ಳಬೇಕೆಂದು ಜಗಳವಾಡುತ್ತಾರೆ. ಮಾಂಯ್ ಕಳಿಸಿದ ತೆಂಗಿನ ನಾರಿನ ಉಂಡೆಗಳು ಪಾಚಿಗೆ ಚೆನ್ನಾಗಿ ಕೆಲಸ ಮಾಡಿವೆಯಂತೆ.

ಕೆಲವು ತಿಂಗಳ ಹಿಂದೆ ಬಾಸ್ ಮೇಲ್ ಮಾಡಿದರು. ಖಾಲಿ ಉಳಿದ ಐದನೆಯ ಜಾಗದಲ್ಲಿ ಕೂತುಕೊಳ್ಳಲು ಒಂದು ಬೆಂಚು ಹಾಕುತ್ತಿದ್ದೇವೆ, ನಕ್ಷೆಯಲ್ಲಿ ಸೇರಿಸಿಕೊಡಿ ಎಂದು. ಜೊತೆಗೇ ಹೊಸ ತಕರಾರು. ಬೆಂಚಿನ ಮುಖ ಸರೋವರದ ಕಡೆ ಇರಬೇಕೆಂದು ಅಕ್ಕ, ಹಳೆಯ ಮನೆಯ ಕಡೆ ಇರಬೇಕೆಂದು ಅಣ್ಣ. ಮೂರು ವಾರದಿಂದ ಬೆಂಚು ಮಳೆಯಲ್ಲಿ ಗೋಡೆಗೆ ಒರಗಿ ನಿಂತಿದೆ. ನಿಮ್ಮ ಅತ್ತೆಯ ಅಭಿಪ್ರಾಯವೇನು ಎಂದು ಮೂವರೂ ಕೇಳುತ್ತಿದ್ದಾರೆ.

ಊರಿಗೆ ಫೋನ್ ಮಾಡಿದೆ. ಮಾಂಯ್ ಒಂದು ಕ್ಷಣವೂ ಯೋಚಿಸಲಿಲ್ಲ.

“ಗೇಟಿನ ಕಡೆ ಮುಖ ಮಾಡಿ ಇಡ್ಲಿಕ್ಕೆ ಹೇಳು. ಯಾರು ಬರ್ತಾರೆ ಅಂತ ಕಾಣ್ಬೇಕಲ್ಲ.”

ನಕ್ಷೆಯಲ್ಲಿ ಹಾಗೆಯೇ ಬರೆದು ಕಳಿಸಿದೆ. ಈ ಸಲ ಯಾರೂ ತಕರಾರು ಮಾಡಲಿಲ್ಲ.